ಕಾಡುಪಾಪದ ನಾಲಿಗೆ

"ಕಚ್ಚಿದ್ರೆ ಕಚ್ಚಲಿ, ಅದಕ್ಕೆ ಔಷಧಿ ಇದೆ. ನೆಕ್ಕೋಕೆ ಮಾತ್ರ ಬಿಡಬೇಡ ಕಣಮ್ಮ. ಅದಕ್ಕೆ ಔಷಧಿ ಇಲ್ಲ."

ಇಷ್ಟು ಹೇಳಿ ಬೀಗದಜ್ಜ ಕೀಲಿಗೊಂಚಲನ್ನು ಅವಳ ಕೈಗಿತ್ತ. ಪ್ರಾಣಿಸಂಗ್ರಹಾಲಯದ ಕತ್ತಲೆಮನೆಯ ಬೀಗ ತೆಗೆದು ಹಾಕುವುದರಲ್ಲೇ ಮೂವತ್ತು ವರ್ಷ ಸವೆಸಿದ ಮುದುಕ. ಎದುರಿಗೆ ನಿಂತವಳು ಸೂಜಿಯಕ್ಕ. ಹತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಮನುಷ್ಯರ ರಕ್ತ ತೆಗೆದು, ಆ ಕೆಲಸ ಹೋದ ಮೇಲೆ ಪ್ರಾಣಿಗಳ ರಕ್ತ ತೆಗೆಯಲು ಬಂದವಳು. ಬಂದು ಒಂದು ವಾರವಾಗಿತ್ತು. ಮುದುಕರ ಮಾತಿಗೆ ಕಿವಿಗೊಡುವಷ್ಟು ಪುರಸೊತ್ತು ಅವಳಿಗೆಲ್ಲಿಂದ ಬರಬೇಕು?

"ನನ್ನನ್ನ ಮುದ್ದು ಮಾಡೋರು ಒಬ್ರಾದ್ರೂ ಇರ್ಲಿ ಬಿಡಿ ಅಜ್ಜ" ಎಂದು ನಕ್ಕಳು. ಅಜ್ಜ ನಗಲಿಲ್ಲ.

ಕತ್ತಲೆಮನೆ ಎಂದರೆ ಹಗಲನ್ನು ಸುಳ್ಳು ಮಾಡುವ ಜಾಗ. ಬೆಳಿಗ್ಗೆ ಎಂಟಕ್ಕೆ ಒಂದು ಮಂದ ಕೆಂಪು ದೀಪ ಬಿಟ್ಟು ಉಳಿದದ್ದೆಲ್ಲ ಆರಿಸುತ್ತಾರೆ, ಹೊರಗೆ ಬಿಸಿಲು ಕುದಿಯುತ್ತಿದ್ದರೂ ಒಳಗೆ ನಡುರಾತ್ರಿ. ರಾತ್ರಿ ಓಡಾಡುವ ಪ್ರಾಣಿಗಳು ಮೋಸಹೋಗಿ ಎದ್ದು ಕೂರುತ್ತವೆ. ಹಿಂದಿನ ಕೋಣೆಯ ಮೂರನೆಯ ಗೂಡಿನಲ್ಲಿ ಆ ಹೆಣ್ಣು ಕಾಡುಪಾಪ ಇತ್ತು. ಅಂಗೈ ಮೇಲೆ ಕೂರುವಷ್ಟು ಪ್ರಾಣಿ, ಮುಖದ ತುಂಬ ಕಣ್ಣು. ಒಂದು ಹೆಜ್ಜೆ ಇಟ್ಟು ಇನ್ನೊಂದು ಇಡುವಷ್ಟರಲ್ಲಿ ನೋಡುವವರಿಗೆ ಆಕಳಿಕೆ ಬರಬೇಕು. ಅದರ ಎಡ ಮೊಣಕೈಗೆ ಯಾರೋ ಕಪ್ಪು ದಾರ ಕಟ್ಟಿದ್ದರು. ಡಾಕ್ಟರು ಒಮ್ಮೆ ಮತ್ತಿನ ಔಷಧಿ ಕೊಟ್ಟು ಅದನ್ನು ಕತ್ತರಿಸಿ ಎಸೆದಿದ್ದರಂತೆ. ಮಾರನೆಯ ಬೆಳಿಗ್ಗೆ ನೋಡಿದರೆ ದಾರ ಇದ್ದಲ್ಲೇ ಇತ್ತು. ಯಾರೋ ತಮಾಷೆ ಮಾಡಿದ್ದಾರೆ ಎಂದು ಡಾಕ್ಟರು ಎಲ್ಲರ ಮೇಲೂ ರೇಗಿ ಸುಮ್ಮನಾಗಿದ್ದರು.

ಕಾಡುಪಾಪದ ಮೊಣಕೈಯ ಒಳಮಗ್ಗುಲಲ್ಲಿ ಒಂದು ಗ್ರಂಥಿ ಇರುತ್ತದೆ. ಅಲ್ಲಿ ಜಿನುಗುವ ಎಣ್ಣೆಯನ್ನು ನೆಕ್ಕಿ, ಜೊಲ್ಲಿನ ಜೊತೆ ಬೆರೆಸಿ ಅದು ಕಚ್ಚಿದರೆ ಕೆಲವರಿಗೆ ಬರೀ ಬಾವು ಬರುತ್ತದೆ, ಕೆಲವರಿಗೆ ಗಂಟಲು ಕಟ್ಟಿ ಉಸಿರೇ ನಿಲ್ಲುತ್ತದೆ. ಇದು ಅಪ್ಪಟ ವಿಷ ಎಂದು ಸಂಗ್ರಹಾಲಯದ ಡಾಕ್ಟರು. ವಿಷವೂ ಇಲ್ಲ ಗಿಷವೂ ಇಲ್ಲ, ಬೆಕ್ಕಿನ ರೋಮಕ್ಕೆ ಸೀನುವ ಹಾಗೆ ಇದೊಂದು ಅಲರ್ಜಿ ಎಂದು ಕಾಲೇಜಿನ ಪ್ರೊಫೆಸರು. ತಾಯಿ ಮೇವಿಗೆ ಹೋಗುವ ಮುಂಚೆ ಮರಿಗಳ ಮೈಗೆಲ್ಲ ಅದನ್ನೇ ನೆಕ್ಕಿ ಬಳಿದು ಹೋಗುತ್ತದಲ್ಲ, ವಿಷವಾಗಿದ್ದರೆ ಮರಿಗಳು ಯಾಕೆ ಸಾಯುವುದಿಲ್ಲ, ಒಂದನ್ನೊಂದು ಅಪ್ಪಿಕೊಂಡು ಹಾಯಾಗಿ ಮಲಗುವುದಿಲ್ಲವೇ ಎಂದು ಅವರ ವಾದ. ಹಾವು ತನ್ನ ವಿಷಕ್ಕೆ ತಾನು ಸಾಯುತ್ತದೇನ್ರಿ ಎಂದು ಡಾಕ್ಟರ ಮರುವಾದ. ಎರಡು ವರ್ಷದಿಂದ ಇಬ್ಬರೂ ಚಹಾ ಕುಡಿಯುತ್ತಾ ಜಗಳವಾಡುತ್ತಿದ್ದರು. ಜಗಳ ಅವರದು, ಗೂಡಿಗೆ ಕೈ ಹಾಕುವ ಕರ್ಮ ಸೂಜಿಯಕ್ಕನದು.

ಅವಳಿಗೆ ವಿಷವಾದರೇನು, ಅಲರ್ಜಿಯಾದರೇನು? ಗಂಡ ತೀರಿಕೊಂಡು ಎರಡು ವರ್ಷ. ಮನೆಯಲ್ಲಿ ಅತ್ತೆ, ನಾಲ್ಕು ವರ್ಷದ ಮಗಳು. ನಿಂತಲ್ಲಿ ನಿಲ್ಲದೆ ಸುತ್ತುವ ಆ ಮಗುವಿಗೆ ಬುಗುರಿ ಎಂದು ಹೆಸರಿಟ್ಟವರು ಅತ್ತೆಯೇ. ಬೆಳಿಗ್ಗೆ ಮಗು ಏಳುವ ಮುಂಚೆ ಹೊರಟವಳು ಸಂಜೆ ಬಾಗಿಲು ತಳ್ಳಿದೊಡನೆ ಬುಗುರಿ ಓಡಿಬಂದು ಕಾಲಿಗೆ ಸುತ್ತಿಕೊಳ್ಳುತ್ತಿದ್ದಳು. ಆ ಒಂದು ಅಪ್ಪುಗೆಗಾಗಿ ಸೂಜಿಯಕ್ಕ ಇಡೀ ದಿನ ತಳ್ಳುತ್ತಿದ್ದಳು. ಅದಿಲ್ಲದಿದ್ದರೆ ಎಂದೋ ಎಲ್ಲಾದರೂ ಬಿದ್ದುಕೊಂಡು ಏಳುತ್ತಲೇ ಇರಲಿಲ್ಲ.

ಆ ಮಧ್ಯಾಹ್ನ ಗೂಡಿನ ಮುಂದೆ ಕೂತಾಗ ಅವಳಿಗೆ ಕಣ್ಣು ತೆರೆದಿಡುವುದೇ ಕಷ್ಟವಾಗಿತ್ತು. ಚರ್ಮದ ಕೈಗವಸು ಕಂಡರೆ ಪ್ರಾಣಿ ಕಿರುಗುಟ್ಟಿ ಮೂಲೆ ಸೇರುತ್ತಿತ್ತು. ಮೂರು ಸಲ ಪ್ರಯತ್ನಿಸಿ ಸೋತಳು. ಹಾಳಾಗಿ ಹೋಗಲಿ ಎಂದು ಗವಸು ಕಿತ್ತೆಸೆದು ಬರಿಗೈ ಚಾಚಿದಳು.

ಕಾಡುಪಾಪ ಬಂತು. ಮಡಿಚಿಟ್ಟ ಒದ್ದೆ ಬಟ್ಟೆಯ ಮುಗ್ಗುಲು ವಾಸನೆ ಮೂಗಿಗೆ ಬಡಿಯಿತು. ಪುಟ್ಟ ಬೆರಳುಗಳು ಅವಳ ಹೆಬ್ಬೆರಳನ್ನು ಹಿಡಿದುಕೊಂಡವು. ಅದು ಎಡಗೈ ಎತ್ತಿ ಮೊಣಕೈ ನೆಕ್ಕಿತು. ಆಮೇಲೆ ಅವಳ ಮಣಿಕಟ್ಟನ್ನು ನೆಕ್ಕಿತು. ಮತ್ತೆ ಮೊಣಕೈ, ಮತ್ತೆ ಮಣಿಕಟ್ಟು. ನಾಲಿಗೆ ಒರಟು, ಬೆಚ್ಚಗಿತ್ತು. ಕೈ ಎಳೆದುಕೊಳ್ಳಬೇಕು ಎಂದು ಅವಳಿಗೆ ಗೊತ್ತಿತ್ತು. ಆದರೆ ಎರಡು ವರ್ಷದಿಂದ ಅವಳನ್ನು ಹೀಗೆ ಯಾರೂ ಮುಟ್ಟಿರಲಿಲ್ಲ. ಗೋಡೆಗೊರಗಿ ಕಣ್ಣು ಮುಚ್ಚಿದಳು. ಅಳು ಬಂತು. ಎಷ್ಟು ಹೊತ್ತು ಹಾಗೇ ಇದ್ದಳೋ, ಎಚ್ಚರವಾದಾಗ ಮೊಣಕೈವರೆಗೂ ಒದ್ದೆಯಾಗಿತ್ತು.

ಸಂಜೆ ಬಸ್ಸಿನಲ್ಲಿ ಟಿಕೆಟ್ ಕೊಟ್ಟ ಕಂಡಕ್ಟರ್ ಎರಡು ನಿಲ್ದಾಣ ದಾಟುವಷ್ಟರಲ್ಲಿ ಬೆರಳು ಪರಚಿಕೊಳ್ಳತೊಡಗಿದ. ಅವಳು ಗಮನಿಸಲಿಲ್ಲ. ಮನೆಯಲ್ಲಿ ಬುಗುರಿ ಹಿತ್ತಲಲ್ಲಿ ಆಡುತ್ತಿದ್ದಳು. ಅತ್ತೆಯೇ ಬಾಗಿಲು ತೆಗೆದರು. ಸೊಸೆಯ ಮುಖ ನೋಡಿ, ಜ್ವರ ಬಂದಿರೋ ಹಾಗಿದೆಯಲ್ಲೇ ಎಂದು ಹಣೆಯ ಮೇಲೆ ಅಂಗೈ ಇಟ್ಟರು.

ನೀರು ತರುತ್ತೇನೆಂದು ಅಡುಗೆಮನೆಗೆ ಹೋದ ಅತ್ತೆ ಲೋಟ ಬೀಳಿಸಿದರು. ತುಟಿ ದಪ್ಪಗಾಗಿತ್ತು. ಕೊರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಉಸಿರು ಒಳಗೆ ಹೋಗುವ ಸದ್ದು ಶಿಳ್ಳೆಯಂತೆ ಕೇಳಿಸುತ್ತಿತ್ತು. ಪಕ್ಕದ ಮನೆಯವರು ಓಡಿಬಂದು ಎತ್ತಿಕೊಂಡು ಹೋಗಿದ್ದರಿಂದ ಜೀವ ಉಳಿಯಿತು. ಯಾವುದೋ ಅಲರ್ಜಿ, ಇನ್ನೊಂದು ಸಲ ಹೀಗಾದರೆ ನಮ್ಮ ಕೈಲಿ ಉಳಿಸೋಕಾಗಲ್ಲ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದರು. ಸೂಜಿಯಕ್ಕ ತನ್ನ ಕೈಗಳನ್ನು ನೋಡಿಕೊಂಡಳು. ಅಂದು ರಾತ್ರಿಯಿಂದ ಮನೆಯ ಹಿಂದಿನ ಕೋಣೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡಳು.

ಬೆಳಿಗ್ಗೆ ಬೀಗದಜ್ಜನ ಮುಂದೆ ಹೋಗಿ ನಿಂತಾಗ ಅವನು ಸ್ಟೂಲನ್ನು ನಾಲ್ಕು ಮಾರು ಹಿಂದಕ್ಕೆ ಎಳೆದುಕೊಂಡು ಕೂತ. ಮೊದಲು ಹೇಳದ್ದನ್ನು ಈಗ ಹೇಳಿದ. ಆ ಕಾಡುಪಾಪ ಸಿಕ್ಕಿದ್ದು ಮಾಟಗಾತಿಯೊಬ್ಬಳ ಮನೆಯಲ್ಲಿ. ಗಂಡ ಮಗುವನ್ನು ಕಿತ್ತುಕೊಂಡು ಹೋಗುತ್ತಾನೆಂದು ಹೆದರಿದ ಹೆಂಗಸೊಬ್ಬಳು ಅವಳ ಹತ್ತಿರ ಹೋಗಿ, ನನ್ನ ಮಗುವನ್ನು ಯಾರೂ ಮುಟ್ಟದ ಹಾಗೆ ಮಾಡಿಕೊಡು ಎಂದು ಕಾಲು ಹಿಡಿದಳಂತೆ. ಮಾಟಗಾತಿ ಕಾಡುಪಾಪದ ಮರಿಯನ್ನು ಅದರ ಕಣ್ಣೆದುರಿಗೇ ಕೊಂದು, ಮರಿಯ ಕರುಳನ್ನು ದಾರವಾಗಿ ಹೊಸೆದು ತಾಯಿಯ ಮೊಣಕೈಗೆ ಕಟ್ಟಿ, ಮಗುವನ್ನು ಅದರ ಮುಂದೆ ಮಲಗಿಸಿದಳು. ಪ್ರಾಣಿ ಮಗುವನ್ನೇ ಮರಿಯೆಂದುಕೊಂಡು ನೆಕ್ಕಿತು. ಬೇಡಿದ್ದು ಬೇಡಿದ ಹಾಗೇ ನಡೆಯಿತು. ಆ ಮಗುವನ್ನು ಯಾರೂ ಮುಟ್ಟಲಾಗಲಿಲ್ಲ, ಬೇಡಿದ ತಾಯಿಯೂ.

"ಬಿಡಿಸೋದು ಹೇಗೆ ಅಜ್ಜ?"

"ಬಿಡಿಸೋಳು ಆ ಮಾಟಗಾತಿ ಒಬ್ಬಳೇ ಇದ್ದಳು. ಮಗೂನ ಎತ್ತಿ ತಾಯಿ ಕೈಗೆ ಕೊಡೋಕೆ ಹೋಗಿ ಮೊದಲು ಸತ್ತವಳೇ ಅವಳು."

ವಿಷಯ ತಿಳಿದ ಪ್ರೊಫೆಸರು ಮಾಟವಂತೆ ಮಂತ್ರವಂತೆ ಎಂದು ಗಹಗಹಿಸಿ ನಕ್ಕರು. ಅವಳು ಬೇಡ ಬೇಡ ಎನ್ನುತ್ತಿದ್ದಂತೆ ಕೈಹಿಡಿದು ಕುಲುಕಿದರು. ಆರು ದಿನ ಆಸ್ಪತ್ರೆಯಲ್ಲಿದ್ದು, ಊದಿದ ನಾಲಿಗೆಯಿಂದಲೇ ಅಲರ್ಜಿ ಎಂದು ತೊದಲಿದರಂತೆ. ಡಾಕ್ಟರು ಗವಸು ತೊಟ್ಟು ಅವಳ ಚರ್ಮ, ಬೆವರು, ರಕ್ತ ಎಲ್ಲ ಪರೀಕ್ಷಿಸಿದರು. ವಿಷದ ಸುಳಿವೇ ಸಿಗಲಿಲ್ಲ. ಇಬ್ಬರೂ ಗೆಲ್ಲಲಿಲ್ಲ. ಅವಳಿಗೆ ರಜೆ ಕೊಟ್ಟು ಮನೆಗೆ ಕಳಿಸಿದರು, ಕೀಲಿಗೊಂಚಲು ವಾಪಸು ಕೇಳುವುದನ್ನು ಮರೆತರು.

ಸೋಪು, ಸ್ಪಿರಿಟ್ಟು, ಫಿನಾಯಿಲು, ಯಾವುದನ್ನೂ ಬಿಡಲಿಲ್ಲ. ಚರ್ಮ ಸುಲಿಯಿತೇ ಹೊರತು ಆ ಮುಗ್ಗುಲು ವಾಸನೆ ಹೋಗಲಿಲ್ಲ. ಅಜ್ಜ ಹೇಳಿದ್ದನ್ನೆಲ್ಲ ಮುಚ್ಚಿದ ಬಾಗಿಲ ಹಿಂದಿನಿಂದಲೇ ಅತ್ತೆಗೆ ಹೇಳಿದಳು. ಬುಗುರಿ ಬಾಗಿಲಾಚೆ ಕೂತು ಅಳುತ್ತಿದ್ದಳು. ಅಮ್ಮ ಯಾಕೆ ಬರಲ್ಲ, ನಾನೇನು ಮಾಡಿದೆ ಎಂದು ಕೇಳುತ್ತಿದ್ದಳು. ಅತ್ತೆಯೇ ಅವಳನ್ನು ಎತ್ತಿಕೊಂಡು, ಉಣಿಸಿ, ಬೆನ್ನು ತಟ್ಟಿ ಮಲಗಿಸುತ್ತಿದ್ದರು. ಗೋಡೆಯಾಚೆ ಆ ತಟ್ಟುವ ಸದ್ದು ಕೇಳುತ್ತಾ ಸೂಜಿಯಕ್ಕನಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಹೌದು, ಸಾವಿನ ಬಾಯಿಂದ ಪಾರಾಗಿ ಬಂದ ಆ ಮುದುಕಿಯ ಮೇಲೆ ಹೊಟ್ಟೆಕಿಚ್ಚು.

ಹದಿನೆಂಟನೆಯ ದಿನ ಮಧ್ಯಾಹ್ನ ನೆಲದ ಮೇಲೆ ಮಲಗಿದ್ದವಳಿಗೆ ಎಚ್ಚರವಾಯಿತು. ಬಾಗಿಲ ಕೆಳಗಿನ ಸಂದಿಯಿಂದ ನಾಲ್ಕು ಪುಟ್ಟ ಬೆರಳು ಒಳಗೆ ಬಂದು ತಡಕಾಡುತ್ತಿದ್ದವು. ಅವಳ ಕೆನ್ನೆಗೂ ಅವಕ್ಕೂ ಒಂದು ಗೇಣೂ ಇರಲಿಲ್ಲ. ಸರಕ್ಕನೆ ಹಿಂದೆ ಸರಿದು ಗೋಡೆಗೆ ಅಂಟಿಕೊಂಡಳು.

ಈ ಮನೆ ಬಿಟ್ಟು ಹೋಗುವುದೇ ಸರಿ ಎಂದು ಅವಳಿಗೆ ಗೊತ್ತಿತ್ತು. ಬಟ್ಟೆಯನ್ನೂ ಗಂಟು ಕಟ್ಟಿದಳು. ಗಂಟಿನ ಮೇಲೆ ಕೂತಾಗ ಪ್ರೊಫೆಸರ ವಾದ ತಲೆಯಲ್ಲಿ ಸುತ್ತತೊಡಗಿತು. ಒಂದೇ ತಾಯಿ ನೆಕ್ಕಿದ ಮರಿಗಳು ಒಂದನ್ನೊಂದು ಅಪ್ಪಿಕೊಂಡು ಮಲಗುತ್ತವೆ. ಒಂದಕ್ಕೂ ಏನೂ ಆಗುವುದಿಲ್ಲ. ಅವಳು ತುಂಬ ದಣಿದಿದ್ದಳು. ಮುಂದಿನದನ್ನು ಯೋಚಿಸುವ ತ್ರಾಣ ಇರಲಿಲ್ಲ, ಅಥವಾ ಇಲ್ಲವೆಂದು ತನಗೆ ತಾನೇ ಹೇಳಿಕೊಂಡಳು.

ಮಾರನೆಯ ದಿನ ಸಂಗ್ರಹಾಲಯಕ್ಕೆ ವಾರದ ರಜೆ. ಅತ್ತೆ ಔಷಧಿ ತರಲು ಹೋದಾಗ ಉದ್ದನೆಯ ಟವೆಲಿನ ಒಂದು ತುದಿಯನ್ನು ಮಗಳ ಕೈಗೆಸೆದು, ರೈಲಾಟ ಆಡೋಣ ಬಾ, ಟವೆಲು ಬಿಡಬಾರದು, ಅಮ್ಮನ್ನ ಮುಟ್ಟಬಾರದು ಎಂದಳು. ಇಷ್ಟು ದಿನದ ಮೇಲೆ ಅಮ್ಮನ ಮುಖ ಕಂಡ ಬುಗುರಿ ದಾರಿಯುದ್ದಕ್ಕೂ ಕೂ ಕೂ ಎನ್ನುತ್ತಾ ಬಂದಳು.

ಕತ್ತಲೆಮನೆಯೊಳಗೆ ಕಾಲಿಟ್ಟೊಡನೆ ಮಗುವಿನ ಕೂಗು ನಿಂತಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಯಾವುದೋ ಪ್ರಾಣಿ ಉಗುರಿನಿಂದ ಹಲಗೆ ಕೆರೆಯುತ್ತಿತ್ತು.

"ಅಮ್ಮ, ಹೆದರಿಕೆ ಆಗ್ತಿದೆ. ಎತ್ಕೋ."

"ಇನ್ನೊಂದು ಚೂರು ಪುಟ್ಟ. ಆಮೇಲೆ ಯಾವಾಗ್ಲೂ ಎತ್ಕೊಂಡೇ ಇರ್ತೀನಿ."

ಗೂಡಿನ ಬಾಗಿಲು ತೆಗೆದಳು. ಹಿಂದೆ ಸರಿದಳು. ಕೆಂಪು ದೀಪದಲ್ಲಿ ಎರಡು ಕಣ್ಣು. ಅದು ಬಂತು. ಒಂದು ಕೈ. ಒಂದು ಕಾಲು. ಮತ್ತೊಂದು ಕೈ. ಬುಗುರಿ ಉಸಿರು ಬಿಗಿಹಿಡಿದಳು. ಪುಟ್ಟ ಬೆರಳುಗಳು ಪುಟ್ಟ ಬೆರಳುಗಳನ್ನು ಹಿಡಿದವು. ಮೊಣಕೈ ಮೇಲೆದ್ದಿತು. ನಾಲಿಗೆಯ ಸದ್ದು. ಮಗುವಿನ ಅಂಗೈ. ಮತ್ತೆ ಮೊಣಕೈ. ಮಗುವಿನ ತೋಳು. ಕೊರಳು. ಕೆನ್ನೆ. ಬೇಡ ಎಂದು ಕಿರುಚಲು ತಾಯಿಯ ಬಾಯಿ ತೆರೆದುಕೊಂಡಿತು. ಧ್ವನಿ ಬರಲಿಲ್ಲ. ಬರಲಿ ಎಂದು ಅವಳು ಬಯಸಲೂ ಇಲ್ಲ.

ಧಡಾರನೆ ಬಾಗಿಲು ತೆರೆಯಿತು. ಬಿಸಿಲು ನುಗ್ಗಿತು. ಬೀಗದಜ್ಜ ಹೊಸ್ತಿಲಲ್ಲಿದ್ದ. ಅವನ ಹಿಂದೆ, ಮನೆ ಖಾಲಿ ಕಂಡು ಹುಡುಕಿಕೊಂಡು ಬಂದ ಅತ್ತೆ, ಏದುಸಿರು ಬಿಡುತ್ತಾ.

"ಅಜ್ಜೀ!"

ಬುಗುರಿ ಟವೆಲು ಬಿಸಾಡಿ ಓಡಿದಳು. ಅತ್ತೆ ಕೂತು ಎರಡೂ ತೋಳು ಚಾಚಿದರು. ನಾಲ್ಕು ಹೆಜ್ಜೆ. ಮೂರು. ಸೂಜಿಯಕ್ಕ ಹಾರಿದಳು. ಹಿಂದಿನಿಂದ ಮಗಳ ಸೊಂಟ ಬಾಚಿ ಹಿಡಿದು ನೆಲಕ್ಕೆ ಬಿದ್ದಳು.

ಒಂದು ಉಸಿರು. ಎರಡು. ಹತ್ತು. ಮಗುವಿನ ಗಂಟಲು ಕಟ್ಟಲಿಲ್ಲ. ತುಟಿ ಊದಲಿಲ್ಲ. ಮಗಳ ಬೆನ್ನು ಅವಳ ಎದೆಗೆ ಬೆಚ್ಚಗೆ ಒತ್ತಿತ್ತು.

"ಕೊಡೇ ಮಗೂನ" ಎಂದರು ಅತ್ತೆ. "ನೀನು ಮುಟ್ಟಬಾರದು ಅಂತ ಗೊತ್ತಿಲ್ವಾ? ಅಳ್ತಿದ್ದಾಳೆ ನೋಡು."

"ಇನ್ಮೇಲೆ ಕೊಡೋಕಾಗಲ್ಲ ಅತ್ತೆ."

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೊಮ್ಮಗಳ ಒದ್ದೆ ಕೆನ್ನೆಯನ್ನೂ ತೆರೆದ ಗೂಡನ್ನೂ ನೋಡಿದರು. ಚಾಚಿದ ತೋಳು ಮೆಲ್ಲಗೆ ಕೆಳಗಿಳಿಯಿತು. "ಏನು ಮಾಡಿಬಿಟ್ಟೆ ನೀನು" ಎಂದರು, ಅದೂ ಪಿಸುಮಾತಿನಲ್ಲಿ.

ಬುಗುರಿ ಕಾಲು ಝಾಡಿಸುತ್ತಿದ್ದಳು. ಅಮ್ಮನ ಕೈ ಪರಚುತ್ತಿದ್ದಳು. ಬಿಡು, ನನಗೆ ಅಜ್ಜಿ ಬೇಕು, ಅಜ್ಜಿ ಬೇಕು ಎಂದು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದಳು. ಹತ್ತೊಂಬತ್ತು ದಿನ ಹಂಬಲಿಸಿದ ಆ ಅಪ್ಪುಗೆಯನ್ನು ಸೂಜಿಯಕ್ಕ ಸಡಿಲಿಸಲಿಲ್ಲ, ಸಡಿಲಿಸುವ ಹಾಗೂ ಇರಲಿಲ್ಲ.