ಚಾ ಇಡು

ಕಾಪು ದೀಪಸ್ತಂಭದ ಬಂಡೆಯ ಮೇಲೆ ಕೂತು ನಾನು ಇಪ್ಪತ್ತು ನಿಮಿಷದ ಸಮುದ್ರ ರೆಕಾರ್ಡ್ ಮಾಡುತ್ತಿದ್ದೆ. ಹದಿನೇಳನೇ ನಿಮಿಷಕ್ಕೆ ಒಬ್ಬ ಮಹಾಶಯ ಬಂದು ನನ್ನ ಮೈಕಿನ ಪಕ್ಕವೇ ನಿಂತು, ಫೋನಿನಲ್ಲಿ ಯಾರಿಗೋ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡುವುದು ಹೇಗೆಂದು ವಿವರಿಸತೊಡಗಿದ. ಮೆಣಸು ಹುರಿಯುವುದರಿಂದ ಶುರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ನಿಮ್ಮ ಬಂಗುಡೆ ನನ್ನ ಸಮುದ್ರದೊಳಗೆ ಬಂದು ಬಿತ್ತಲ್ಲ ಎಂದು ಬೈದೆ.

"ಬಂಗುಡೆ ಮತ್ತೆಲ್ಲಿ ಇರ್ಬೇಕಿತ್ತು?" ಎಂದ.

ನಗಬಾರದೆಂದುಕೊಂಡರೂ ನಗು ಬಂತು. ಕೇಳಬಹುದಾ ಎಂದು ಕೈ ಚಾಚಿದ. ಹೆಡ್‌ಫೋನ್ ಕೊಟ್ಟೆ. ಕಣ್ಣು ಮುಚ್ಚಿ ಕೇಳಿದ. ರೆಪ್ಪೆಯ ತುದಿಯಲ್ಲಿ ಉಪ್ಪುನೀರಿನ ಒಂದು ಸಣ್ಣ ಹನಿ ನಿಂತಿತ್ತು, ಅದು ಬೀಳುವವರೆಗೂ ನಾನು ನೋಡಿದೆ. ಅವನು ಕಣ್ಣು ಬಿಟ್ಟಾಗ ನಾನು ದೀಪಸ್ತಂಭದ ತುದಿ ನೋಡುವವಳ ಹಾಗೆ ಮಾಡಿದೆ. ಅವನಿಗೆ ಗೊತ್ತಾಯಿತು.

"ನೀವು ಕೊಂಕಣಿಯವರು ಅಲ್ವಾ? 'ಬಿತ್ತಲ್ಲ' ಅಂದ ರೀತಿಯಲ್ಲೇ ಗೊತ್ತಾಯ್ತು. ನನ್ನ ಕಿವಿ ಭಾರೀ ಚುರುಕು."

ಅವನೂ ಕೊಂಕಣಿಯವನೇ. ಹೆಸರು ಕಾರ್ಲ್, ಮಣಿಪಾಲದಲ್ಲಿ ಜಾಹೀರಾತು ಚಿತ್ರ ಮಾಡುತ್ತಿದ್ದ. ನಾನು ಲವಿಟಾ, ಸೌಂಡ್ ರೆಕಾರ್ಡಿಸ್ಟ್, ಕಾರ್ಕಳದ ಪಕ್ಕ ಕುಕ್ಕುಂದೂರಿನವಳು. ಆಮೇಲೆ ನಾಲ್ಕು ತಿಂಗಳು ನಾನು ನೆಲದ ಮೇಲೆ ನಡೆದ ನೆನಪಿಲ್ಲ. ಪ್ರತಿ ಸಂಜೆ ಬೈಕಿನಲ್ಲಿ ಬರುತ್ತಿದ್ದ, ಮಮ್ಮಿಯ ಕೈಯ ಚಾ ಕುಡಿಯುತ್ತಿದ್ದ, ಲೋಟ ಕೊಡುವಾಗ ನನ್ನ ಬೆರಳು ತಾಗಿಸಿ ಮಮ್ಮಿಯ ಹತ್ತಿರ ಮಳೆ ಬಿಸಿಲಿನ ಸಮಾಚಾರ ಮಾತಾಡುತ್ತಿದ್ದ. ಅಷ್ಟು ಕಳ್ಳ.

ಅವನು ಮೊದಲ ಸಲ ನಮ್ಮ ಮನೆಯಿಂದ ಹೊರಟು ನಿಂತ ದಿನವೇ ನಾನು ಅವನಿಗೆ ಒಂದು ಪದದ ಕಥೆ ಹೇಳಿದ್ದು.

ನಮ್ಮಲ್ಲಿ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ಕೊಂಕಣಿಯಲ್ಲಿ "ಯೆತಾಂ" ಎನ್ನುತ್ತೇವೆ, ಬರುತ್ತೇನೆ ಎಂದು. ಒಳಗಿದ್ದವರು "ಯೇ" ಎನ್ನುತ್ತಾರೆ, ಬಾ ಎಂದು. "ವೆತಾಂ" ಅಂದರೆ ಹೋಗುತ್ತೇನೆ. ಅದನ್ನು ಬಾಗಿಲಲ್ಲಿ ನಿಂತು ಹೇಳಿದರೆ ಮಮ್ಮಿ ವಾಪಸು ಕರೆದು ಕೂರಿಸಿ ನೀರು ಕುಡಿಸಿ ಕಳಿಸುತ್ತಾಳೆ. ಹಾಗೆ ಹೇಳಿ ಹೋದವರು ತಿರುಗಿ ಬರುವುದಿಲ್ಲವಂತೆ.

ಆಗ ನನಗೆ ಒಂಬತ್ತು ವರ್ಷ. ಭಾನುವಾರ, ಎಲ್ಲರೂ ಚರ್ಚಿಗೆ ಪೂಜೆಗೆ ಹೋಗಿದ್ದರು, ನನಗೆ ಜ್ವರ ಎಂದು ಮಮ್ಮಿ ಉಳಿದಿದ್ದಳು. ನಮ್ಮ ಮನೆ ರಸ್ತೆಯಿಂದ ದೂರ, ಕೂಗಿದರೆ ಯಾರಿಗೂ ಕೇಳುವುದಿಲ್ಲ. ಮುಖಕ್ಕೆ ಬೈರಾಸು ಸುತ್ತಿಕೊಂಡ ಇಬ್ಬರು ಬಂದರು. ಮಮ್ಮಿಯನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿದರು, ಚಿನ್ನ ತೆಗೆದುಕೊಂಡರು. ಹೊರಡುವಾಗ ಒಬ್ಬ ನಮ್ಮ ಕೋಣೆಯ ಬಾಗಿಲಲ್ಲಿ ನಿಂತ. ಮಂಚದ ಮೇಲೆ ಗೋಡೆಗೆ ಅಂಟಿ ಕೂತಿದ್ದ ನನ್ನನ್ನು ನೋಡಿ, ಊಟ ಮಾಡಿ ಎದ್ದ ನೆಂಟನ ಹಾಗೆ, "ಯೆತಾಂ ಹಾಂ, ಬಾಯೆ" ಎಂದ. ಬರುತ್ತೇನೆ, ಮಗಳೇ.

ಅಭ್ಯಾಸಬಲ ಎಂದು ಈಗ ಗೊತ್ತು. ಆಗ ಗೊತ್ತಿರಲಿಲ್ಲ. ಬರುತ್ತೇನೆ ಎಂದವನು ಬರಲೇಬೇಕಲ್ಲ. ಮೂರು ವರ್ಷ ನಾನು ಅವನಿಗಾಗಿ ಕಾದೆ, ಮಂಚದ ಕೆಳಗೆ ಮಲಗಿ. ಆ ಪದ ಅವನು ಹೇಳಿದ್ದನ್ನು ಪೊಲೀಸರಿಗೂ ಹೇಳಲಿಲ್ಲ, ಮಮ್ಮಿಗೂ ಹೇಳಲಿಲ್ಲ. ಬಾಯಿಬಿಟ್ಟರೆ ಕರೆದ ಹಾಗಾಗುತ್ತದೆ ಎಂಬ ಹೆದರಿಕೆ. ಇಪ್ಪತ್ತು ವರ್ಷ ಯಾರಾದರೂ ಹೊರಟರೆ ನಾನು ಏನಾದರೂ ನೆಪ ಹೇಳಿ ಒಳಗೆ ಹೋಗುತ್ತಿದ್ದೆ.

ಕಾರ್ಲ್ ಪೂರ್ತಿ ಕೇಳಿದ. ಆಮೇಲೆ ಬೈಕ್ ಹತ್ತಿ, ಯೆತಾಂ ಎನ್ನುವ ಬದಲು, "ಚಾ ಇಡು" ಎಂದ.

ಅಂದಿನಿಂದ ಅದೇ ನಮ್ಮ ವಿದಾಯ. ಈಗಷ್ಟೇ ಕುಡಿದು ಎದ್ದನಲ್ಲ, ಇವನದ್ದು ಹೊಟ್ಟೆಯಾ ಹಂಡೆಯಾ ಎಂದು ಮಮ್ಮಿ ಕೇಳುತ್ತಿದ್ದಳು. ನಾನು ಲೋಟ ತೊಳೆಯುತ್ತಾ ಒಬ್ಬಳೇ ನಗುತ್ತಿದ್ದೆ. ನನ್ನ ಜೀವಮಾನದ ಹೆದರಿಕೆಯನ್ನು ಒಬ್ಬ ಎರಡು ಪದದಲ್ಲಿ ಒರೆಸಿ ಹಾಕಿದ್ದ. ಅವನನ್ನು ಪ್ರೀತಿಸದೆ ಇನ್ನೆಂತ ಮಾಡುವುದು?

ಅಷ್ಟರಲ್ಲಿ ಅವನ ಸಿನಿಮಾ ಶುರುವಾಯಿತು. ಒಂಟಿ ತೋಟದ ಮನೆ, ಒಬ್ಬಳೇ ಹೆಂಗಸು, ಒಳನುಗ್ಗುವ ಒಬ್ಬ ಮುಖವಾಡದವನು. ನನಗೆ ಸ್ಕ್ರಿಪ್ಟ್ ಕೊಟ್ಟು, ನಿನಗೆ ಕಷ್ಟ ಆಗ್ತದಾ, ಸೌಂಡಿಗೆ ಬೇರೆಯವರನ್ನು ಕರೀಲಾ ಎಂದು ಕೇಳಿದ್ದ. ಹುಡುಕಿ ಹುಡುಕಿ ಓದಿದೆ. ನನ್ನ ಮನೆಯದ್ದು ಏನೂ ಇರಲಿಲ್ಲ. ಮುಖವಾಡದವನಿಗೆ ಮಾತೇ ಇರಲಿಲ್ಲ. ಕಾರ್ಲ್‌ನ ಮರ್ಯಾದೆ ನೋಡಿ ನನಗೆ ಕಣ್ಣು ತುಂಬಿ ಬಂತು, ನಾನೇ ಮಾಡುತ್ತೇನೆ ಎಂದೆ.

ಮನೆ ಸಿಕ್ಕಿದ್ದು ಪೆರ್ಡೂರಿನ ಒಳಗೆ, ಗೇರುಗುಡ್ಡೆಯ ನೆತ್ತಿಯಲ್ಲಿ. ದುಬೈಯಿಂದ ವಾಪಸಾದ ಧರ್ಮಪಾಲಣ್ಣ ಕಟ್ಟಿಸಿದ್ದು. ಕೊಲೆ ಬೇಕಾದರೆ ಮಾಡಿ, ನೆಲಕ್ಕೆ ಗೀರು ಬೀಳಬಾರದು ಎಂಬುದು ಅವರ ಒಂದೇ ಷರತ್ತು. ಕಿಟಕಿಗಳಿಗೆಲ್ಲ ಕಪ್ಪು ಟಾರ್ಪಾಲು ಹೊಡೆದು, ಬೆಳಿಗ್ಗೆ ಹನ್ನೊಂದಕ್ಕೆ ನಾವು ಒಳಗೆ ರಾತ್ರಿ ತಯಾರು ಮಾಡುತ್ತಿದ್ದೆವು.

ನಾಯಕಿ ಚೈತಾಲಿ ಒಳ್ಳೆಯ ಹುಡುಗಿ, ಆದರೆ ಅವಳಿಗೆ ಕೂಗಲಿಕ್ಕೆ ಬರುವುದಿಲ್ಲ. ಜಿರಳೆ ಕಂಡವರ ಹಾಗೆ ಕೂಗುತ್ತಾಳೆ. ಆರು ಟೇಕ್ ಹಾಳಾಯಿತು. ಏಳನೆಯದಕ್ಕೆ ಮೊದಲು ಕಾರ್ಲ್ ಅಡುಗೆಮನೆಯ ಹಿಂದಿನ ಸ್ಟೋರ್ ರೂಮಿಗೆ ಬಂದ. ನಾನು ಅಲ್ಲಿ ಕತ್ತಲೆಯಲ್ಲಿ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದೆ. ಚೈತಾಲಿಯ ಉಸಿರು ಸಾಲದು, ವಾಲ್ಯೂಮ್ ಪೂರ್ತಿ ಏರಿಸಿ ಕೇಳು ಎಂದ. ನನ್ನ ಹೆಡ್‌ಫೋನ್ ತಾನೇ ಸರಿ ಮಾಡಿ, ಕಿವಿಯ ಹತ್ತಿರದ ಕೂದಲು ಹಿಂದೆ ಸರಿಸಿ ಹೋದ. ಆ ಬೆರಳು ಎಷ್ಟು ಮೆತ್ತಗಿತ್ತೆಂದರೆ, ನಾನು ಕಣ್ಣು ಮುಚ್ಚಿದ್ದೆ.

ಹೆಜ್ಜೆ ಕೇಳಿಸಿತು. ಬಾಗಿಲು. ಮುಖವಾಡದವನು ಹೊರಟ, ನಿಂತ. ಆಮೇಲೆ ನನ್ನ ಎರಡೂ ಕಿವಿಯ ಒಳಗೆ, ಅದೇ ಎಳೆತದಲ್ಲಿ, "ಯೆತಾಂ ಹಾಂ, ಬಾಯೆ."

ನಾನು ಎಂತ ಮಾಡಿದೆನೆಂದು ನನಗೆ ಗೊತ್ತಿಲ್ಲ. ಲೈಟ್ ಬಂದಾಗ ಮೂಲೆಯಲ್ಲಿ ಅಕ್ಕಿಚೀಲದ ಹಿಂದೆ ತೂರಿಕೊಂಡಿದ್ದೆ. ಪ್ಯಾಂಟು ಒದ್ದೆಯಾಗಿತ್ತು. ಇಪ್ಪತ್ತೊಂಬತ್ತು ವರ್ಷದ ಹೆಂಗಸು ನಾನು. ಚೈತಾಲಿ ತನ್ನ ಶಾಲನ್ನು ನನ್ನ ಸೊಂಟಕ್ಕೆ ಸುತ್ತಿದಳು. ನನ್ನ ಕೂಗಿಗೆ ಅವಳು ನಿಜವಾಗಿ ಹೆದರಿ ತಿರುಗಿದ್ದಳು, ಆ ಮುಖವನ್ನು ಕ್ಯಾಮೆರಾ ಹಿಡಿದಿತ್ತು.

ಹಿಂದಿನ ಮೆಟ್ಟಿಲಲ್ಲಿ ಕೂತು ಟೇಕ್ ಹಾಕಿ ಕೇಳಿದೆ. ನನ್ನ ಕೂಗು ಶುರುವಾದದ್ದಕ್ಕೂ ಕಾರ್ಲ್ ಕಟ್ ಎಂದದ್ದಕ್ಕೂ ನಡುವೆ ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡಿನಲ್ಲಿ ನಾನು ಮಮ್ಮಿಯನ್ನು ಕರೆಯುತ್ತಿದ್ದೇನೆ.

ಪ್ರಖ್ಯಾತ್ ಒಂದು ಲೋಟ ನೀರು ತಂದ. ಮುಖವಾಡ ಹಾಕುವವನು ಅವನೇ, ತುಳುವರ ಹುಡುಗ, ಪಾಪದವನು.

"ಅಕ್ಕಾ, ನನ್ನಿಂದ ಹೆದರಿದ್ರಾ? ಸರ್ ಒಂದು ವಾರದಿಂದ ಪ್ರಾಕ್ಟೀಸ್ ಮಾಡಿಸಿದ್ದು. ನಾನು ವೆತಾಂ, ವೆತಾಂ ಅಂತಿದ್ದೆ. ವ ಅಲ್ಲ ಮಾರಾಯ, ಯೆ, ಅರ್ಥವೇ ಉಲ್ಟಾ ಆಗ್ತದೆ ಅಂತ ಬೈದು ಬೈದು ಐವತ್ತು ಸಲ ಹೇಳಿಸಿದ್ರು. ಈಗ ಸರಿ ಬಂತಲ್ವಾ?"

ಸರಿ ಬಂದಿದೆ ಎಂದೆ. ಆ ಒಂದು ವಾರ ದಿನಾ ಸಂಜೆ ಕಾರ್ಲ್ ನಮ್ಮ ಮನೆಗೆ ಬಂದಿದ್ದ. ದಿನಾ ಚಾ ಕುಡಿದಿದ್ದ. ದಿನಾ, ಚಾ ಇಡು ಎಂದು ಹೇಳಿ ಹೋಗಿ, ಮಣಿಪಾಲದಲ್ಲಿ ಇವನಿಗೆ ಆ ಪದ ಕಲಿಸಿದ್ದ.

ಕಾರ್ಲ್ ಬಂದು ನನ್ನ ಮುಂದೆ ಮೊಣಕಾಲೂರಿ ಕೂತ. ಸಾರಿ ಎಂದ. ಅದಕ್ಕಿಂತ ಹೆದರಿಕೆಯದ್ದು ಬರೆಯಲಿಕ್ಕೆ ನನಗೆ ಬರಲಿಲ್ಲ ಎಂದ. ಒಮ್ಮೆ ಹೊರಗೆ ಬಂದರೆ ನಿನಗೂ ಹಗುರವಾದೀತು ಅಂದುಕೊಂಡೆ ಎಂದೂ ಹೇಳಿದ. ಆಮೇಲೆ ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಿನಲ್ಲಿ ನೀರಿತ್ತು, ಅದು ನಾಟಕವಲ್ಲ.

"ಲವಿ, ನಿನ್ನನ್ನು ನಾನು ಪ್ರೀತಿಸ್ತೇನೆ. ಶೂಟಿಂಗ್ ಮುಗಿದ ಭಾನುವಾರವೇ ಬಂದು ಮಮ್ಮಿ ಹತ್ತಿರ ಕೇಳ್ತೇನೆ. ಉಂಗುರ ತಂದಿಟ್ಟು ತಿಂಗಳಾಯ್ತು."

ನಾಲ್ಕು ತಿಂಗಳಿನಿಂದ ಈ ಮಾತಿಗೆ ಕಾದಿದ್ದೆ. ಈಗಲೂ ಎದೆ ಹೊಡೆದುಕೊಂಡಿತು, ನಾಚಿಕೆಗೆಟ್ಟ ಎದೆ. ಮುಂದಿನ ನನ್ನ ಮಾತಿಗೆ ಅವನು ಸರಿಯಾಗಿ ಉತ್ತರ ಕೊಟ್ಟಿದ್ದರೆ ನಾನು ಎಲ್ಲವನ್ನೂ ನುಂಗಿಕೊಳ್ಳುತ್ತಿದ್ದೆ. ರೆಕಾರ್ಡರಿನಿಂದ ಮೆಮೊರಿ ಕಾರ್ಡು ತೆಗೆದು ಮುಷ್ಟಿಯಲ್ಲಿ ಹಿಡಿದೆ.

"ಇದರಲ್ಲಿರುವುದಕ್ಕೆ ಕಾಪಿ ಇಲ್ಲ. ಈಗಲೇ ಮುರಿದು ಹಾಕ್ತೇನೆ. ಆಮೇಲೆ ನೀನು ಕೇಳುವುದಕ್ಕೆಲ್ಲ ನಾನು ಹೂಂ."

ನನ್ನ ಕಣ್ಣನ್ನೇ ನೋಡುತ್ತಿದ್ದವನು ಮುಷ್ಟಿಯನ್ನು ನೋಡಿದ.

"ಇಂಥ ಕೂಗು ಮತ್ತೆ ಸಿಗ್ಲಿಕ್ಕಿಲ್ಲ, ಲವಿ," ಎಂದ. ನನಗೆ ನೋಯಬಾರದೆಂಬ ಹಾಗೆ, ಅಷ್ಟು ಮೆತ್ತಗೆ ಹೇಳಿದ.

ಕಾರ್ಡನ್ನು ಅವನ ಅಂಗೈಯಲ್ಲಿಟ್ಟೆ. ಅವನ ಮುಖ ಅರಳಿತು. ನಾನು ಒಪ್ಪಿದೆ ಎಂದುಕೊಂಡ. ನನ್ನ ಹಣೆಗೆ ಮುತ್ತು ಕೊಟ್ಟು ಅಲ್ಲೇ ಮೆಟ್ಟಿಲಲ್ಲಿ ಕೂತು ಲ್ಯಾಪ್‌ಟಾಪ್ ತೆರೆದ. ನಾನು ಚೀಲ ಹೆಗಲಿಗೆ ಹಾಕಿ, ಅಂಗಳ ದಾಟಿ, ಗೇಟಿನ ಹತ್ತಿರ ತಿರುಗಿ ನಿಂತೆ.

"ವೆತಾಂ," ಎಂದೆ.

ಅವನು ಒಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ನನ್ನ ಕೂಗನ್ನು ಕೇಳುತ್ತಿದ್ದ.

"ಹಾಂ, ಯೇ," ಎಂದ, ತಲೆ ಎತ್ತದೆ.

ಆ ಚುರುಕು ಕಿವಿಗೆ ಅಕ್ಷರ ತಿಳಿಯಲಿಲ್ಲ. ತಿಳಿದದ್ದು ಬಾವಿಕಟ್ಟೆಯ ಮೇಲೆ ಕೂತಿದ್ದ ಪ್ರಖ್ಯಾತ್‌ಗೆ. ಅವನು ಮುಖವಾಡ ಕೆಳಗಿಟ್ಟು ಎದ್ದು ನಿಂತ.

ಸಂಜೆ ಐದಕ್ಕೆ ಮನೆಯಲ್ಲಿ ಮಮ್ಮಿ ಕಾರ್ಲ್‌ಗೂ ಸೇರಿಸಿ ಮೂರು ಲೋಟ ತೊಳೆದಿಟ್ಟಿದ್ದಳು. ನನ್ನ ಫೋನಿಗೆ ಮೆಸೇಜ್ ಬಂತು: ಚಾ ಇಡು, ಬರ್ತಿದ್ದೇನೆ.

ನಾನು ಎದ್ದು ಹೋಗಿ ಮುಂಬಾಗಿಲ ಚಿಲಕ ಹಾಕಿದೆ.