ಮೊದಲನೇದಾ, ಎರಡನೇದಾ?

ಬಡಗಿಯ ಕಣ್ಣಿಗೆ ಏನೂ ಆಗಿಲ್ಲ ಅನ್ನುವುದು ಕನ್ನಡಕದ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಗೆ ಗೊತ್ತಿತ್ತು, ಅಂಗಡಿಯ ಯಜಮಾನರಾದ ಅವಳ ಚಿಕ್ಕಪ್ಪನಿಗೆ ಗೊತ್ತಿತ್ತು. ಬಡಗಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಬಾಗಿಲಿನ ಕೂದಲೆಳೆಯಷ್ಟು ಸಂದನ್ನೂ ದೂರದಿಂದಲೇ ಹಿಡಿಯುವ ಮನುಷ್ಯ, "ಅಕ್ಷರ ಯಾಕೋ ಮಸುಕು" ಅಂತ ಎದುರಿನ ವರ್ಕ್‌ಶಾಪಿನಿಂದ ಮತ್ತೆ ಬಂದು ಕುರ್ಚಿಯಲ್ಲಿ ಕೂತಿದ್ದ.

"ತಲೆ ತುಂಬಾ ಮರದ ಪುಡಿ," ಅಂದಳು.

"ಹೌದಾ? ಕಾಣಿಸಲೇ ಇಲ್ಲ ನೋಡಿ. ಅದಕ್ಕೇ ಬಂದಿದ್ದು."

ನಗು ಬಂತು, ತುಟಿ ಕಚ್ಚಿಕೊಂಡಳು. ಇವತ್ತು ನಗುವ ದಿನವಲ್ಲ. ದೂರದ ದೊಡ್ಡ ಊರಿನ ಕಣ್ಣಾಸ್ಪತ್ರೆ ಅವಳನ್ನು ಕೆಲಸಕ್ಕೆ ಕರೆದಿತ್ತು. ಬರುತ್ತೀರೋ ಇಲ್ಲವೋ, ಸಂಜೆಯೊಳಗೆ ಹೇಳಿ ಅಂದಿದ್ದರು. ಇನ್ನೂ ಮಾತು ಬಾರದ ಕೂಸುಗಳ ಕಣ್ಣು ಪರೀಕ್ಷಿಸುವುದನ್ನು ಅಲ್ಲಿ ಕಲಿಸುತ್ತಾರೆ. ಆ ಕೆಲಸ ಅವಳಿಗೆ ಬೇಕೇ ಬೇಕು. ಈ ಮರದ ಪುಡಿಯ ತಲೆಯೂ ಬೇಕು. ಎರಡೂ ಒಂದೇ ಊರಲ್ಲಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು ಅಂತ ಬೆಳಿಗ್ಗೆಯಿಂದ ಅವಳಿಗೆ ಸಿಟ್ಟು.

ಪರೀಕ್ಷೆಯ ಫ್ರೇಮನ್ನು ಅವನ ಮೂಗಿನ ಮೇಲೆ ಕೂರಿಸಿ ಒಂದು ಗಾಜು ಹಾಕಿದಳು. ತೆಗೆದು ಇನ್ನೊಂದು ಹಾಕಿದಳು.

"ಮೊದಲನೇದಾ, ಎರಡನೇದಾ?"

"ಎರಡೂ ಒಂದೇ ಥರ ಇದೆ. ಇನ್ನೊಂದ್ಸಲ ತೋರಿಸಿ."

ಪ್ರತಿ ಸಲವೂ ಇದೇ ರಾಗ. ಅವನ ಕಿವಿಯ ಹಿಂದೆ ಫ್ರೇಮಿನ ಕಡ್ಡಿ ಸರಿಪಡಿಸುವಾಗ ಅವಳ ಬೆರಳು ಸ್ವಲ್ಪ ತಡವಾಯಿತು. ಅವನು ಉಸಿರು ಬಿಗಿಹಿಡಿದ.

"ಎದುರಿಗಿರೋ ಬೋರ್ಡಲ್ಲಿ ಕೊನೇ ಸಾಲು ಓದಿ."

"ನ, ರ, ಳ, ದ, ವ," ಅಂದ, ಅವಳ ಮುಖದಿಂದ ಕಣ್ಣು ಕೀಳದೆ.

"ಸರಿಯಾಗಿದೆ," ಅಂದಳು ಅವಳು, ಅವನ ಮುಖದಿಂದ ಕಣ್ಣು ಕೀಳದೆ.

ಬಾಗಿಲಲ್ಲಿ ಚಿಕ್ಕಪ್ಪ ಕೆಮ್ಮಿದರು. "ಭೇಷ್. ಆದ್ರೆ ಬೋರ್ಡು ಇಲ್ಲಿದೆ."

ಗೋಡೆಗೆ ಬಣ್ಣ ಹೊಡೆಸಬೇಕೆಂದು ಬೆಳಿಗ್ಗೆಯೇ ಕಳಚಿದ್ದ ಅಕ್ಷರದ ಬೋರ್ಡು ಅವರ ಕಂಕುಳಲ್ಲಿತ್ತು. ಎದುರಿನ ಗೋಡೆಯಲ್ಲಿ ಒಂದು ಮೊಳೆ ಬಿಟ್ಟರೆ ಏನೂ ಇರಲಿಲ್ಲ. ಓದಿದವನೂ ನೋಡಿರಲಿಲ್ಲ, ಓದಿಸಿದವಳೂ ನೋಡಿರಲಿಲ್ಲ. ಚಿಕ್ಕಪ್ಪ ಇನ್ನೇನೂ ಹೇಳದೆ ಬೋರ್ಡಿನ ಸಮೇತ ಒಳಗೆ ಹೋದರು.

ಅವಳ ಮುಖ ಕೆಂಪೇರಿತು. "ಬಾಯಿಪಾಠ ಮಾಡಿದೀರಾ?"

"ಎಷ್ಟು ಸಲ ಬಂದಿದೀನಿ, ಬರದೆ ಇರುತ್ತಾ?" ಫ್ರೇಮ್ ತೆಗೆದು ಮಡಿಲಲ್ಲಿಟ್ಟುಕೊಂಡ. "ಹೋಗ್ತೀರಂತೆ. ಚಿಕ್ಕಪ್ಪ ಹೇಳಿದ್ರು."

"ಇನ್ನೂ ಗೊತ್ತಿಲ್ಲ. ಹೋಗ್ಬೇಡ ಅಂತೀರೇನೋ ಅಂತ ಕಾಯ್ತಾ ಇದ್ದೆ."

"ನಾನು ಹಾಗನ್ನಲ್ಲ. ಆ ಪುಟ್ಟ ಮಕ್ಕಳ ಕೆಲಸದ ಬಗ್ಗೆ ಮಾತಾಡುವಾಗ ನಿಮ್ಮ ಮುಖ ಹೇಗಿರುತ್ತೆ ಅಂತ ನೋಡಿದೀನಿ ನಾನು."

"ಹಾಗಾದ್ರೆ ಹೋಗು ಅಂತೀರಾ? ಅಷ್ಟು ಸುಲಭನಾ ನಿಮಗೆ? ನೀವಿಲ್ದೆ ನಾನು ಹೇಗಿರ್ಲಿ ಅಲ್ಲಿ?"

ಬಾಯಿ ತಪ್ಪಿ ಬಂದ ಮಾತನ್ನು ಹಿಂದಕ್ಕೆ ಎಳೆದುಕೊಳ್ಳಲು ಆಗಲಿಲ್ಲ. ಅವನು ಮಡಿಲಲ್ಲಿದ್ದ ಫ್ರೇಮನ್ನು ಮೇಜಿನ ಮೇಲಿಟ್ಟ. ಆಮೇಲೆ ಮೆಲ್ಲಗೆ ಅಂದ, "ಉಳಿ, ಸುತ್ತಿಗೆ ಎಲ್ಲಾ ಒಂದು ಪೆಟ್ಟಿಗೇಲಿ ಹಿಡಿಸುತ್ತೆ. ನಾನೂ ಅಲ್ಲಿಗೇ ಹೋಗ್ತೀನಿ ಅಂತ ಅಮ್ಮನಿಗೂ ಹೇಳಿ ಬಂದೆ. 'ಮೊದಲು ಆ ಹುಡುಗೀನ ಕೇಳೋ ದಡ್ಡ' ಅಂದ್ರು. ಕೇಳೋಕೇ ಬಂದಿದ್ದು. ಕೂತ ಕೂಡಲೇ ಧೈರ್ಯ ಕೈಕೊಡ್ತು."

ಅವಳು ಫೋನ್ ಎತ್ತಿಕೊಂಡು ಆಸ್ಪತ್ರೆಗೆ ಹಚ್ಚಿದಳು. "ಬರ್ತೀನಿ ಮೇಡಂ," ಅಂದಳು. ಆ ಕಡೆಯವರು ಏನೋ ಕೇಳಿದರು. ಅವಳು ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಅವನತ್ತ ತಿರುಗಿದಳು.

"ಕ್ವಾರ್ಟರ್ಸ್ ಕೊಡ್ತಾರಂತೆ. ಒಬ್ಬರಿಗೆ ಆಗೋ ರೂಮು ಒಂದು, ಸಂಸಾರಕ್ಕೆ ಆಗೋ ಮನೆ ಒಂದು." ಕಣ್ಣಲ್ಲಿ ನೀರಿದ್ದರೂ ಹುಬ್ಬು ಮಾತ್ರ ತುಂಟತನದಿಂದ ಮೇಲೇರಿತ್ತು. "ಮೊದಲನೇದಾ, ಎರಡನೇದಾ?"

ಬಡಗಿ ಇನ್ನೊಂದ್ಸಲ ತೋರಿಸಿ ಅನ್ನಲಿಲ್ಲ.

"ಎರಡನೇದು," ಅಂದ.