ಅವನ ಅಂಗಿಯ ಮೇಲಿನ ನೆರಳು

ಧರಣಿಯಿಂದಾಗಿ ವಿಶಾಖಪಟ್ಟಣದ ಬಳಿಯ ಅಚ್ಯುತಾಪುರಂ ಜಂಕ್ಷನ್ನಿನಲ್ಲಿ ಆಟೋ ನಿಂತುಹೋದಾಗ ಅರ್ಪಿತಾ ಇಳಿದು ನಡೆದದ್ದು ಜಗಳಕ್ಕೆ. ಬ್ಯಾಂಕು ತೆರೆಯುವ ಹೊತ್ತಾಗಿತ್ತು. ಶಾಮಿಯಾನದ ಮುಂದೆ ನಿಂತಿದ್ದ ಯುವಕ ಅವಳನ್ನು ಬೆಂಬಲಕ್ಕೆ ಬಂದವಳೆಂದು ತಿಳಿದು, ಅವಳು ಬಾಯಿ ತೆರೆಯುವ ಮೊದಲೇ ತನ್ನ ಫೋನನ್ನು ಅವಳ ಕೈಗಿಟ್ಟ. ಲೈವ್ ಬರಬೇಕು, ಎರಡು ನಿಮಿಷ ಹಿಡಿದುಕೊಳ್ಳಿ ಎಂದು ತೆಲುಗಿನಲ್ಲಿ ಹೇಳಿದ.

“ಯಾರ ಫೋನು ಯಾರ ಕೈಗೆ ಕೊಡ್ತಾನೋ ಈ ಮಹಾನುಭಾವ,” ಅವಳು ಗೊಣಗಿದಳು.

“ಕನ್ನಡದವರ ಕೈಗೇ ಕೊಟ್ಟಿದೀನಿ ಕದಾ ಮೇಡಂ. ಅಲ್ಲಾಡಿಸಬೇಡಿ.”

ಅವನು ಸಾಯಿತೇಜ. ಬಳ್ಳಾರಿಯ ಅಜ್ಜಿಯಿಂದ ಬಂದ ಅವನ ಕನ್ನಡ ಊಟಕ್ಕೆ, ಬೈಗುಳಕ್ಕೆ ಸಾಲುವಷ್ಟಿತ್ತು. ಔಷಧ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕಾರ್ಮಿಕನಾಗಿದ್ದ ಅವನು ಅಲ್ಲಿ ಸೋರುತ್ತಿದ್ದ ಅನಿಲದ ವಿಡಿಯೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದ. ಲಕ್ಷಾಂತರ ಜನ ನೋಡಿದರು. ಆಡಳಿತದವರು ಸೋರುವ ವಾಲ್ವನ್ನು ಬದಲಿಸಿದರು. ಅವನನ್ನೂ, ವಿಡಿಯೊ ಹಂಚಿದ ಅವನ ಸಂಗಾತಿಗಳನ್ನೂ ಗೇಟಿನ ಹೊರಗೆ ಹಾಕಿದರು.

ಅಂದು ಬ್ಯಾಂಕಿಗೆ ತಡವಾಯಿತು. ಮುಂದಿನ ಭಾನುವಾರ ಅರ್ಪಿತಾ ತಾನಾಗಿಯೇ ಹೋಗಿ ಫೋನ್ ಹಿಡಿದಳು. ಅವಳು ಹಾಸನದಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ, ಧರಣಿಯಲ್ಲಿ ಕಾಣಿಸಿಕೊಳ್ಳುವಂತಿರಲಿಲ್ಲ. ಆದ್ದರಿಂದ ಅವಳ ಮುಖವಾಗಲಿ ದನಿಯಾಗಲಿ ಯಾವ ವಿಡಿಯೊದಲ್ಲೂ ಬರಲಿಲ್ಲ.

ಲೈವ್ ಶುರುವಾಗುವ ಮುನ್ನ ಅವನು ಅವಳನ್ನೇ ನೋಡುತ್ತಿದ್ದ. ಹುಬ್ಬು ತುಸು ಮೇಲಕ್ಕೆ, ತುಟಿಯ ಒಂದೇ ಕೊನೆಯಲ್ಲಿ ನಗು.

“ಲೆನ್ಸ್ ನೋಡಿ. ನನ್ನನ್ನಲ್ಲ.”

“ಲೆನ್ಸು ನಗಲ್ಲ ಮೇಡಂ.”

“ಜನ ನಿಮ್ಮ ನಗು ನೋಡೋಕೆ ಬರಲ್ಲ.”

“ನೀವು?”

ಅವಳು ಕೆಂಪು ಗುಂಡಿ ಒತ್ತುತ್ತಿದ್ದಳು. ಅದೇ ಉತ್ತರ.

ಒಂದು ಸಂಜೆ ವಿಶಾಖಪಟ್ಟಣದ ಬೀಚ್ ರೋಡಿನಲ್ಲಿ ಅವನು ಸಮುದ್ರಕ್ಕೆ ಬೆನ್ನು ಮಾಡಿ ಮಾತಾಡಿದ. ಕಟ್ಟಡಗಳ ನಡುವಿನಿಂದ ಬಂದ ಬಿಸಿಲು ಅರ್ಪಿತಾಳ ಬೆನ್ನಿಗಿತ್ತು. ಆಮೇಲೆ ಮುರಿ ಮಿಕ್ಚರ್ ಎಂಬ ಅಲ್ಲಿನ ಮಂಡಕ್ಕಿ ತಿನ್ನುತ್ತಾ ವಿಡಿಯೊ ನೋಡಿದಾಗ ಅವಳ ನೆರಳು ಅವನ ಬಿಳಿ ಅಂಗಿಯ ಮೇಲೆ ಬಿದ್ದಿತ್ತು: ಎತ್ತಿದ ಕೈ, ಹಾರುವ ದುಪಟ್ಟಾ.

“ಹಾಳಾಯ್ತು. ಇನ್ನೊಂದು ಸಲ ತೆಗೆಯೋಣ,” ಎಂದಳು.

“ಬೇಡ. ನಾವಿಬ್ಬರೂ ಇರೋ ಫೋಟೋ ಇದೊಂದೇ.” ಅವನು ಅದನ್ನು ಹಾಗೇ ಧರಣಿಯ ಫೇಸ್‌ಬುಕ್ ಪೇಜಿಗೆ ಹಾಕಿದ.

ಆದರೆ ನೋಡುವವರು ಕಡಿಮೆಯಾಗುತ್ತಾ ಬಂದರು. ಬರುತ್ತೇನೆ ಎಂದು ಕಾಮೆಂಟ್ ಹಾಕಿದವರಲ್ಲಿ ಶಾಮಿಯಾನಕ್ಕೆ ಬಂದವರು ಬೆರಳೆಣಿಕೆಯಷ್ಟು. ಜನರ ಫೋನಿನಲ್ಲಿ ಬೇರೆ ಊರಿನ ಬೇರೆ ಸಿಟ್ಟುಗಳು ಬಂದವು. ಅವನ ಸಂಗಾತಿಗಳ ಮನೆಯಲ್ಲಿ ಮಾತ್ರ ಅದೇ ಕಷ್ಟ ಉಳಿಯಿತು. ಅಷ್ಟರಲ್ಲಿ ಅರ್ಪಿತಾಳಿಗೆ ವಿಜಯವಾಡಕ್ಕೆ ವರ್ಗವಾಯಿತು. ಲೈವ್‌ಗಳು ನಿಂತವು, ಇಬ್ಬರ ನಡುವೆ ಫೋನ್ ಕರೆಗಳಷ್ಟೇ ಉಳಿದವು.

ಚಳಿಗಾಲದ ಒಂದು ಮಧ್ಯಾಹ್ನ ಅವನು ವಿಜಯವಾಡಕ್ಕೇ ಬಂದ. ಅಲ್ಲಿ ಕಂಪನಿಯ ಲಾಯರ್ ಕಚೇರಿಯಲ್ಲಿ ರಾಜಿಯಾಗಿತ್ತು. ಸಂಜೆ ಬೆಂಜ್ ಸರ್ಕಲ್ ಬಳಿ, ಅವಳ ಬ್ಯಾಂಕಿನ ಹಿಂದಿನ ರಸ್ತೆಯಲ್ಲಿ ಭೇಟಿಯಾದರು.

“ಎಲ್ಲರನ್ನೂ ಕೆಲಸಕ್ಕೆ ವಾಪಸ್ ತಗೋತಾರೆ,” ಎಂದ. “ಪೇಜ್ ಡಿಲೀಟ್ ಮಾಡಬೇಕು. ಒಂದು ವಿಡಿಯೊನೂ ಉಳೀಬಾರದು.”

“ನಿಮ್ಮನ್ನು?”

“ನನ್ನ ಬಿಟ್ಟು. ಅಚ್ಯುತಾಪುರಂನಲ್ಲಿ ಯಾರ್ ತಗೋತಾರೆ? ಈ ಮುಖ ಎಲ್ಲಾ ಎಚ್‌ಆರ್ ಫೋನಲ್ಲೂ ಇದೆ. ಚೆನ್ನಾಗಿ ತೆಗೆದುಬಿಟ್ರಿ ಮೇಡಂ.”

ಅವಳು ನಗಲಿಲ್ಲ.

“ಗುಜರಾತಿಗೆ ಹೋಗ್ತೀನಿ. ಅಲ್ಲಿ ತೆಲುಗು ವಿಡಿಯೊ ಯಾರೂ ನೋಡಿರಲ್ಲ.” ಫೋನನ್ನು ಅಂಗೈಯಲ್ಲಿ ತಿರುಗಿಸುತ್ತಾ ಹೇಳಿದ: “ಫೋನ್ ಹಿಡಿದವರು ಯಾರು ಅಂತ ಅವರ ಲಾಯರ್ ಕೇಳಿದ. ಟ್ರೈಪಾಡ್ ಅಂದೆ.”

“ಟ್ರೈಪಾಡ್ ಅಲ್ಲಾಡಲ್ಲ,” ಎಂದಳು ಅರ್ಪಿತಾ. ಅವಳ ದನಿ ಅಲ್ಲಾಡುತ್ತಿತ್ತು. “ತೇಜಾ, ನಾನೂ ಬರ್ತೀನಿ.”

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ನನಗೆ ಇಷ್ಟ ಇಲ್ಲ ಅಂದ್ಕೋಬೇಡಿ,” ಎಂದ ಅವನು. “ಆ ಮೊದಲನೇ ದಿನದಿಂದಲೇ ಇಷ್ಟ. ಆದರೆ ನಿಮ್ಮನ್ನ ನನ್ನ ಪಕ್ಕ ಯಾರಾದ್ರೂ ನೋಡಿದ ದಿನ ಆ ನೆರಳಿನ ಕೈ ಯಾರದು ಅಂತ ಗೊತ್ತಾಗುತ್ತೆ. ನಿಮ್ಮ ಕೆಲಸ ಹೋಗುತ್ತೆ. ನನ್ನ ಹತ್ತಿರ ಬನ್ನಿ ಅಂತ ಕರೆಯೋಕೆ ಒಂದು ಮನೆ ಕೂಡ ಇಲ್ಲಂಡಿ.” ಅವನು ಫೋನ್ ಚಾಚಿದ. “ಕೊನೇ ಲೈವ್. ಪೇಜ್ ಮುಚ್ತಿದೀವಿ ಅಂತ ಹೇಳಬೇಕು.”

ಅವಳು ಫೋನ್ ಎತ್ತಿದಳು. ಸೂರ್ಯ ಬೆನ್ನಿಗಿದ್ದ, ನೆರಳು ಅವನ ಅಂಗಿಯ ಮೇಲೆ ಬಿತ್ತು. ಪಕ್ಕಕ್ಕೆ ಸರಿಯಬಹುದಿತ್ತು. ಸರಿಯಲಿಲ್ಲ.

ಅವನು ಎಲ್ಲರಿಗೂ ವಂದಿಸಿ, ಹೋರಾಟ ಮುಗಿಯಿತು ಎಂದು ತೆಲುಗಿನಲ್ಲಿ ಹೇಳಿದ. ಹೇಳುವಾಗ ಅವನ ಕಣ್ಣು ಲೆನ್ಸಿನ ಮೇಲಿರಲಿಲ್ಲ. ಫೋನಿನ ಅಂಚಿನಿಂದ ತುಸು ಮೇಲೆ, ಅವಳ ಮುಖದ ಮೇಲೆ ನಿಂತಿತ್ತು. ಕ್ಯಾಮೆರಾ ಕಡೆ ನೋಡು ಅಣ್ಣ ಎಂದು ಯಾರೋ ಕಾಮೆಂಟ್ ಹಾಕಿದರು. ಇನ್ನೊಬ್ಬರೂ ಅದನ್ನೇ ಬರೆದರು. ಅರ್ಪಿತಾ ಓದಿದಳು. ಅವನಿಗೆ ಹೇಳಲಿಲ್ಲ.

ನಂತರ ಡಿಲೀಟ್ ಒತ್ತಿದವಳೂ ಅವಳೇ. ಪಾಸ್‌ವರ್ಡ್ ಅವಳ ಬಳಿಯಿತ್ತು.

“ತಿಂಗಳೊಳಗೆ ಮನಸ್ಸು ಬದಲಾದರೆ ವಾಪಸ್ ತರಬಹುದು ಅಂತಿದೆ.”

“ತರಬೇಡಿ. ಅವರೆಲ್ಲ ಡ್ಯೂಟಿಗೆ ಹೋಗಬೇಕು.”

ಅವಳು ತರಲಿಲ್ಲ. ಗಡುವಿನ ಕೊನೆಯ ದಿನ ಬ್ಯಾಂಕಿನಲ್ಲಿ ಕೂತು ಪಾಸ್‌ವರ್ಡನ್ನು ಪೂರ್ತಿ ಬರೆದಳು, ಒಂದೊಂದೇ ಅಕ್ಷರವಾಗಿ ಅಳಿಸಿದಳು. ಸಂಜೆ ಹೊರಗೆ ಬಂದಾಗ ಅದೇ ರಸ್ತೆಯಲ್ಲಿ ಬಿಸಿಲು ಬೆನ್ನಿಗೆ ಬಿತ್ತು. ನೆರಳು ಮುಂದಕ್ಕೆ ಉದ್ದವಾಗಿ ಚಾಚಿ, ತಡೆಯುವವರಿಲ್ಲದೆ, ಡಾಂಬರಿನ ಮೇಲೆ ಮಲಗಿತ್ತು.